ಹಿತ್ತಲ ಗಂಧ, ಅಂಗಳದ ಅಡಿಕೆ

ಉಡುತಡಿ ಸೀಮೆಯಲ್ಲಿ ಒಂದು ಕಾಲಕ್ಕೆ ಹಿತ್ತಲಲ್ಲಿ ಶ್ರೀಗಂಧದ ಸಸಿ ತಾನಾಗಿ ಎದ್ದರೆ, ಅದು ಮೊಣಕಾಲೆತ್ತರ ಬರುವ ಮೊದಲೇ ಮನೆಯ ಹಿರಿಯರು ಕಿತ್ತು ಗೊಬ್ಬರಗುಂಡಿಗೆ ಹಾಕುತ್ತಿದ್ದರು. ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಬೀಜ, ಬೇಲಿಸಾಲಿನ ನೆರಳು, ಬೇರಿಗೆ ಆತುಕೊಳ್ಳಲು ಪಕ್ಕದಲ್ಲೊಂದು ಗಿಡ, ಇಷ್ಟಿದ್ದರೆ ಗಂಧ ಬೆಳೆಯುತ್ತದೆ. ಬೆಳೆಯುವುದು ಯಾರಿಗೂ ಬೇಕಿರಲಿಲ್ಲ. ಟಿಪ್ಪು ಸುಲ್ತಾನ 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ. ಒಡೆಯರ ಮೈಸೂರು ಅದನ್ನು ಹಾಗೆಯೇ ಉಳಿಸಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ, 1963ರ ಅರಣ್ಯ ಕಾಯ್ದೆಯ ಹೊತ್ತಿಗೂ, ರಾಜ ಕೂತ ಜಾಗದಲ್ಲಿ ಸರ್ಕಾರ ಕೂತಿತ್ತು ಅಷ್ಟೆ. ಮಣ್ಣು ನಿಮ್ಮದು, ಕಂದಾಯ ಕಟ್ಟುವವರು ನೀವು, ನೀರು ಹಾಕಿದವರೂ ನೀವು. ಮರ ಮಾತ್ರ ಸರ್ಕಾರದ್ದು. ಅವರೇ ಕಡಿಸಿ ಕೋಠಿಗೆ ಸಾಗಿಸಿ, ಖರ್ಚು ಮುರಿದುಕೊಂಡು ಜಮೀನಿನವನಿಗೆ ಒಂದು ಪಾಲು ಕೊಡುತ್ತಿದ್ದರು. ನೀವೇ ಕಡಿದರೆ ನೀವು ಕಳ್ಳರು.

ನಮ್ಮಪ್ಪ ಒಂದು ಸಸಿ ಉಳಿಸಿದ್ದ. ಭಕ್ತಿ ಗಿಕ್ತಿ ಏನಿಲ್ಲ, ಬೇಲಿಗೆ ಒಂದು ಗೂಟ ನೆಡುವುದು ಉಳಿಯುತ್ತದಲ್ಲ ಅಂತ. ಅದು ತೊಡೆಗಾತ್ರ ಬಂದ ಮೇಲೆ ಒಂದು ಮಳೆಗಾಲದ ರಾತ್ರಿ ಹೋಯಿತು. ಬೆಳಿಗ್ಗೆ ನೋಡಿದರೆ ರೆಂಬೆ, ಸೊಪ್ಪು, ಹೊರಗಿನ ಬಿಳಿಮರದ ಚಕ್ಕೆ ಎಲ್ಲ ಅಲ್ಲೇ ಬಿದ್ದಿತ್ತು. ಚೇಗು ಮಾತ್ರ ಇರಲಿಲ್ಲ. ಬುಡ ಅಗೆದು ಬೇರನ್ನೂ ತೆಗೆದಿದ್ದರು. ಎಣ್ಣೆ ಬೇರಿನಲ್ಲೇ ಹೆಚ್ಚು ಎನ್ನುವುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಗುಂಡಿಯ ಅಂಚಿನಲ್ಲಿ ನಿಂತು ಹೇಳಿದ ಮೊದಲ ಮಾತು, “ಈಗ ನಾನು ಏನಂತ ಬರ್ಕೊಡ್ಲಿ?”

ಬರೆದುಕೊಡುವುದೇ ಕಷ್ಟವಾಗಿತ್ತು. ಕಳುವಾದದ್ದು ಸರ್ಕಾರದ ಮಾಲು, ಕಳುವಾದ ಜಾಗ ಅಪ್ಪನ ಹಿತ್ತಲು. ಹಾಗಾಗಿ ಅವನು ಕಳೆದುಕೊಂಡವನೂ ಆಗಲಿಲ್ಲ, ಪೂರ್ತಿ ಸಾಕ್ಷಿಯೂ ಆಗಲಿಲ್ಲ. ಮಹಜರು ಬರೆಯಲು ಬಂದವರು ಬುಡದ ಸುತ್ತಳತೆ ಹಿಡಿದು, ಚಕ್ಕೆ ಆರಿಸಿ ಚೀಲಕ್ಕೆ ತುಂಬಿ, ಆಮೇಲೆ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರು: ಅಷ್ಟು ಹೊತ್ತು ಗರಗಸ ಆಡಿದೆ, ನಾಯಿ ಬೊಗಳಲಿಲ್ಲವೇ? ನಮ್ಮ ಮನೆಯಲ್ಲಿ ನಾಯಿಯೇ ಇರಲಿಲ್ಲ. ನಾಯಿ ಇಲ್ಲದ್ದೂ ಅನುಮಾನಕ್ಕೆ ಒಂದು ಕಾರಣವಾಯಿತು.

ಮುಂದೆ ಶಿಕಾರಿಪುರದಲ್ಲಿ ವಕೀಲರೊಬ್ಬರ ಬಳಿ ಗುಮಾಸ್ತನಾಗಿ ಸೇರಿದ ಮೇಲೆ ಆ ಅನುಮಾನ ಅಧಿಕಾರಿಯ ಸ್ವಭಾವದಿಂದ ಬಂದದ್ದಲ್ಲ, ಕಾಯ್ದೆಯಿಂದಲೇ ಬಂದದ್ದು ಎಂದು ತಿಳಿಯಿತು. ಮಾಮೂಲಿ ಕಳ್ಳತನದ ಕೇಸಿನಲ್ಲಿ ಮಾಲು ಕದ್ದದ್ದು ಎಂದು ರುಜುವಾತು ಮಾಡಬೇಕಾದವರು ಪೊಲೀಸರು. ಅರಣ್ಯದ ಕೇಸಿನಲ್ಲಿ ಅದು ತಿರುವುಮುರುವು. ಅರಣ್ಯ ಉತ್ಪನ್ನ ಸರ್ಕಾರದ್ದು ಎಂದೇ ಮೊದಲ ಊಹೆ. ಅಲ್ಲ ಎಂದು ತೋರಿಸುವ ಹೊಣೆ ಕೈಯಲ್ಲಿ ಹಿಡಿದುಕೊಂಡವನದು. ಸೊರಬದ ಗುಡಿಗಾರರು ತಲೆಮಾರುಗಳಿಂದ ಗಂಧ ಕೆತ್ತಿ ಬದುಕಿದವರು. ಮರ ಎಲ್ಲಿಂದ ಬಂತು ಎನ್ನುವುದಕ್ಕೆ ಅವರ ಬಳಿ ಯಾವಾಗಲೂ ಕಾಗದ ಇರಬೇಕಿತ್ತು, ಕೆತ್ತನೆ ಎಷ್ಟು ಚೆಂದ ಇದ್ದರೂ. ಅತ್ತ ಶಿವಮೊಗ್ಗದಲ್ಲಿ 1944ರಿಂದ ಸರ್ಕಾರದ ಗಂಧದೆಣ್ಣೆ ಕಾರ್ಖಾನೆ ಇತ್ತು. ಇತ್ತ ನಮ್ಮ ಹಿತ್ತಲುಗಳಲ್ಲಿ ಸಸಿ ಕೀಳುವ ಕೆಲಸ ನಡೆದಿತ್ತು. ಕಳ್ಳರು ಕಡಿದದ್ದೆಷ್ಟೋ, ಕಾಯ್ದೆಗೆ ಹೆದರಿ ಚಿಗುರಿನಲ್ಲೇ ಕಿತ್ತದ್ದೆಷ್ಟೋ, ಲೆಕ್ಕ ಹಾಕಿದರೆ ಎರಡನೆಯದೇ ಹೆಚ್ಚಿರಬಹುದು ಎಂದು ನನ್ನ ಗುಮಾನಿ.

2001ರಲ್ಲಿ ತಿದ್ದುಪಡಿ ಬಂತು. ಜಮೀನಿನಲ್ಲಿರುವ ಗಂಧದ ಮರಕ್ಕೆ ಜಮೀನಿನವನೇ ಒಡೆಯ, ಮಾರುವುದು ಮಾತ್ರ ಇಲಾಖೆಗೆ ಅಥವಾ ಸರ್ಕಾರ ಹೇಳಿದ ಸಂಸ್ಥೆಗಳಿಗೆ ಎಂದಾಯಿತು. ಈಗ ಇದೇ ಸೀಮೆಯಲ್ಲಿ ಜನ ಗಂಧದ ಸಸಿಯನ್ನು ದುಡ್ಡು ಕೊಟ್ಟು ತಂದು, ಸಾಲು ಹಿಡಿದು ನೆಟ್ಟು, ತಂತಿಬೇಲಿ ಎಳೆದು, ನಾಯಿ ಸಾಕಿ, ಕ್ಯಾಮೆರಾ ಕಟ್ಟಿದ್ದಾರೆ. ಕಳ್ಳರೂ ಅಷ್ಟೇ ನಿಷ್ಠೆಯಿಂದ ಬರುತ್ತಿದ್ದಾರೆ. ಬದಲಾದದ್ದು ಒಂದೇ: ಇಂದು ಮರ ಕಳೆದುಕೊಂಡವನು ಠಾಣೆಯ ಮುಂದೆ ನಿಂತು “ನನ್ನದು ಹೋಯ್ತು” ಎಂದು ಗಟ್ಟಿಯಾಗಿ ಹೇಳಬಹುದು. ಅಪ್ಪನಿಗೆ ಆ ವಾಕ್ಯ ಸಿಕ್ಕಿರಲಿಲ್ಲ.

ಕದ್ದದ್ದನ್ನು ಬೆನ್ನಟ್ಟುವುದು ನಮ್ಮ ಕಡೆ ಹಳೆಯ ಕೆಲಸ. ಶಿಕಾರಿಪುರ, ಸೊರಬದ ಕೆರೆ ಏರಿ, ದೇವಸ್ಥಾನದ ಬದಿ, ಬಯಲುಗಳಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ತುರುಗೋಳಿನವು ಎಷ್ಟೋ ಇವೆ. ದನ ಹೊಡೆದುಕೊಂಡು ಹೋದವರ ಹಿಂದೆ ಓಡಿ, ಬಿಡಿಸಿ ತರುವಾಗ ಸತ್ತವನ ಹೆಸರಿಗೆ ನಿಲ್ಲಿಸಿದ ಕಲ್ಲು. ಬಿ. ಎಲ್. ರೈಸ್ 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳು, ಎಂಟನೆಯ ಸಂಪುಟಗಳಲ್ಲಿ ನಮ್ಮ ಎರಡು ತಾಲ್ಲೂಕುಗಳ ಶಾಸನಗಳು ತುಂಬಿಕೊಂಡಿವೆ. ಈಗ ನಿಧಿಗಳ್ಳರು ಅಂಥ ಕಲ್ಲುಗಳನ್ನೇ ಉರುಳಿಸಿ ಬುಡ ಅಗೆಯುತ್ತಾರೆ. ಕೆಳಗೆ ಏನೂ ಇರುವುದಿಲ್ಲ. ದನ ಕಾಯುತ್ತ ಸತ್ತವನ ಕಲ್ಲಿನಡಿ ಚಿನ್ನ ಯಾಕಿರುತ್ತದೆ? ಇದ್ದು ಸಿಕ್ಕಿತು ಎಂದೇ ಇಟ್ಟುಕೊಳ್ಳಿ, ನಿಮ್ಮದೇ ಗದ್ದೆಯಲ್ಲಿ ಸಿಕ್ಕರೂ ಸರ್ಕಾರಕ್ಕೆ ತಿಳಿಸದೆ ಬಚ್ಚಿಟ್ಟರೆ 1962ರ ನಿಧಿ ಕಾಯ್ದೆಯಲ್ಲಿ ಅಪರಾಧ. ಗಂಧದ ಕಥೆಯೇ ಇನ್ನೊಂದು ರೂಪದಲ್ಲಿ.

ಊರಿನ ನ್ಯಾಯ ಆಗ ಚೆನ್ನಾಗಿತ್ತು, ಕಳ್ಳತನವೇ ಇರಲಿಲ್ಲ, ಬಾಗಿಲು ತೆರೆದಿಟ್ಟು ಮಲಗುತ್ತಿದ್ದೆವು ಎಂದು ಹೇಳುವವರಿದ್ದಾರೆ. ಬಾಗಿಲು ತೆರೆದಿಡುತ್ತಿದ್ದೆವು, ನಿಜ. ಒಳಗೆ ಒಯ್ಯುವಂಥದ್ದು ಏನಿತ್ತು? ಇದ್ದ ಮನೆಗಳಲ್ಲಿ ಅಗಳಿಯೂ ಇತ್ತು, ಬೀಗವೂ ಇತ್ತು. ಹೊರಗೆ ಇದ್ದದ್ದು ಹೋಗುತ್ತಲೇ ಇತ್ತು: ತೆಂಗಿನಕಾಯಿ, ಬಾಳೆಗೊನೆ, ಕಣದಿಂದ ಒಂದು ಮೂಟೆ ಭತ್ತ, ಏತದ ಕಬ್ಬಿಣ, ಆಮೇಲಿನ ಕಾಲಕ್ಕೆ ಪಂಪ್‌ಸೆಟ್ಟಿನ ತಾಮ್ರದ ಕೇಬಲ್ಲು. ಹೋದಾಗ ಹುಡುಕುವ ಕ್ರಮವೂ ಒಂದಿತ್ತು. ಅಂಜನ ಹಾಕಿಸುವುದು, ಅಕ್ಕಿ ಮಂತ್ರಿಸಿ ಅನುಮಾನ ಇದ್ದವರ ಬಾಯಿಗೆ ಹಾಕುವುದು, ದೇವಸ್ಥಾನದಲ್ಲಿ ಆಣೆ ಇಡಿಸುವುದು. ಅನುಮಾನ ಬರುತ್ತಿದ್ದದ್ದು ಯಾರ ಮೇಲೆ? ಕೆರೆಯಾಚೆ ಟೆಂಟು ಹಾಕಿದ ಅಲೆಮಾರಿಗಳ ಮೇಲೆ, ತಾಂಡಾದ ಹುಡುಗರ ಮೇಲೆ, ಮನೆಗೆಲಸದ ಹೆಂಗಸಿನ ಮೇಲೆ. ಅಂಜನದ ಎಲೆಯಲ್ಲಿ ಊರಗೌಡನ ಮಗನ ಮುಖ ಕಾಣಿಸಿದ್ದನ್ನು ನಾನು ಕೇಳಿಲ್ಲ.

ಇದರಲ್ಲಿ ಊರೊಂದೇ ತಪ್ಪಿತಸ್ಥ ಎಂದರೆ ಅನ್ಯಾಯ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡಿಯಿಡೀ ಜಾತಿಗಳನ್ನೇ ಹುಟ್ಟುಕಳ್ಳರ ಪಟ್ಟಿಗೆ ಸೇರಿಸಿತ್ತು. ಅದು ರದ್ದಾದದ್ದು 1952ರಲ್ಲಿ. ಅದರ ಬದಲಿಗೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಠಾಣೆಗಳಲ್ಲಿ ಹಳೇ ಕಳ್ಳರ ಎಂ.ಓ.ಬಿ. ಕಾರ್ಡುಗಳು ಉಳಿದವು. ಒಂದು ಕಳವಾದರೆ ಮೊದಲು ಕಾರ್ಡಿನವನನ್ನು ಎತ್ತಿಕೊಂಡು ಬರುವುದು. ಅಂಜನಕ್ಕೂ ಕಾರ್ಡಿಗೂ ನನಗೆ ದೊಡ್ಡ ವ್ಯತ್ಯಾಸ ಕಂಡಿಲ್ಲ, ಕಾರ್ಡಿನಲ್ಲಿ ಫೋಟೋ ಸ್ವಲ್ಪ ಸ್ಪಷ್ಟ.

ಎತ್ತಿಕೊಂಡು ಬಂದ ಮೇಲೆ ಏನಾಗುತ್ತಿತ್ತು ಎನ್ನುವುದಕ್ಕೆ ಕೋರ್ಟಿನ ಕಡತಗಳೇ ಸಾಕ್ಷಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಆದರೆ ಆ ಹೇಳಿಕೆಯಿಂದ ಮಾಲು ಪತ್ತೆಯಾದರೆ ಅಷ್ಟು ಭಾಗ ನಡೆಯುತ್ತದೆ. ಇದು 1872ರ ಸಾಕ್ಷ್ಯ ಅಧಿನಿಯಮದ 27ನೆಯ ಕಲಮಾಗಿತ್ತು. ಹಾಗಾಗಿ ಎಲ್ಲ ಕಡತದಲ್ಲೂ ಒಂದೇ ವಾಕ್ಯ: ನನ್ನನ್ನು ಕರೆದುಕೊಂಡು ಹೋದಲ್ಲಿ ಕಳವು ಮಾಡಿದ ಮಾಲನ್ನು ಬಚ್ಚಿಟ್ಟ ಸ್ಥಳ ತೋರಿಸಿ ಹಾಜರುಪಡಿಸುತ್ತೇನೆ. ಓದುಬರಹ ಬಾರದ ಕೂಲಿಯೂ ಅದೇ ಗ್ರಾಂಥಿಕ ಕನ್ನಡ, ನಾಲ್ಕು ಸಲ ಜೈಲು ಕಂಡವನೂ ಅದೇ ಕನ್ನಡ. ಪಂಚರು ಸಂತೆಗೆ ಬಂದ ಯಾರೋ ಇಬ್ಬರು, ಚಹಾ ಕುಡಿಸಿ ಸಹಿ ಹಾಕಿಸಿಕೊಂಡವರು. ವಿಚಾರಣೆಯ ದಿನ ಕಟಕಟೆಗೆ ಬಂದು “ಸಹಿ ನಂದೇ ಸ್ವಾಮಿ, ಏನು ಬರೆದಿದ್ರೋ ಗೊತ್ತಿಲ್ಲ” ಎನ್ನುತ್ತಿದ್ದರು. ಸಾಕ್ಷಿ ತಿರುಗಿಬಿತ್ತು, ಕೇಸು ಬಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಶೋಧ, ಜಪ್ತಿಗಳನ್ನು ವಿಡಿಯೋ ಮಾಡಲೇಬೇಕು ಎನ್ನುತ್ತದೆ. ಈಗಿನ ಪೇದೆ ಒಂದು ಕೈಯಲ್ಲಿ ಮೊಬೈಲು ಹಿಡಿದುಕೊಂಡೇ ಮಹಜರಿಗೆ ಹೋಗಬೇಕು. ಬಂದ ಹೊಸತುಗಳಲ್ಲಿ ನಾನು ಮನಸಾರೆ ಒಪ್ಪುವುದು ಇದೊಂದನ್ನು.

ಮಾಲು ಸಿಕ್ಕಿತು ಎಂದರೆ ಕೈಗೆ ಬಂತು ಎಂದಾಗಿರಲಿಲ್ಲ. ನಮ್ಮ ಆಫೀಸಿಗೆ ಬರುತ್ತಿದ್ದ ಒಬ್ಬ ಹೆಂಗಸಿನ ಸರ ಕಳುವಾಗಿ, ಗಿರವಿ ಅಂಗಡಿಯೊಂದರಲ್ಲಿ ಪತ್ತೆಯೂ ಆಗಿ, ಕೋರ್ಟಿನ ಮುದ್ದೆಮಾಲಾಗಿ ನಂಬರು ಹಾಕಿಸಿಕೊಂಡು ಕೂತಿತ್ತು. ಮಗಳ ಮದುವೆಗೆ ಬೇಕು ಎಂದು ಅರ್ಜಿ ಹಾಕಿದಳು. ಕೇಸು ಮುಗಿಯಲಿ ಎಂದಾಯಿತು. ಮದುವೆಗೆ ಬೇಕಿದ್ದ ಸರ ಮಗಳ ಎರಡನೇ ಬಾಣಂತನದ ಹೊತ್ತಿಗೆ ಬಂತು. 2002ರಲ್ಲಿ ಸುಪ್ರೀಂ ಕೋರ್ಟು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ, ಜಪ್ತಿ ಮಾಡಿದ ಮಾಲನ್ನು ಫೋಟೋ ತೆಗೆದು, ಬಾಂಡು ಬರೆಸಿಕೊಂಡು ಬೇಗ ಒಡೆಯರಿಗೆ ಒಪ್ಪಿಸಿ, ಠಾಣೆಯಲ್ಲಿ ಕೊಳೆಸಬೇಡಿ ಎಂದು ಖಡಾಖಂಡಿತ ಹೇಳಿತು. ಅಲ್ಲಿಂದ ಈಚೆಗೆ ಪರವಾಗಿಲ್ಲ. ಈಗಂತೂ ಜಿಲ್ಲಾ ಕೇಂದ್ರಗಳಲ್ಲಿ ಪ್ರಾಪರ್ಟಿ ರಿಟರ್ನ್ ಪರೇಡ್ ಎಂದು ಶಾಮಿಯಾನ ಹಾಕಿ, ಮೇಜಿನ ಮೇಲೆ ಸರ, ಬಳೆ, ಬೈಕು, ಮೊಬೈಲು ಜೋಡಿಸಿ, ಎಸ್‌ಪಿ ಸಾಹೇಬರ ಕೈಯಿಂದ ಕೊಡಿಸುತ್ತಾರೆ. ಫೋಟೋಗೆ ನಿಲ್ಲುವ ಹೆಂಗಸರ ಮುಖದಲ್ಲಿ ಸಂತೋಷಕ್ಕಿಂತ ಅವಸರ ಹೆಚ್ಚು, ಬಸ್ಸು ಹಿಡಿಯಬೇಕಲ್ಲ.

ಕದ್ದ ಮಾಲು ಕೊಂಡವನ ಪಾಡು ಬೇರೆ. ಕಳ್ಳಮಾಲು ಎಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದೂ ತೆಗೆದುಕೊಂಡವನಿಗೆ ಕಳ್ಳನಷ್ಟೇ ಮೂರು ವರ್ಷ. ಹಳೆಯ ದಂಡ ಸಂಹಿತೆಯ 411, ಈಗಿನ ನ್ಯಾಯ ಸಂಹಿತೆಯ 317. ಕಳವಾದ ಸ್ವಲ್ಪ ಕಾಲದಲ್ಲೇ ಮಾಲು ಕೈಯಲ್ಲಿ ಸಿಕ್ಕಿ, ಎಲ್ಲಿಂದ ಬಂತೆಂದು ಹೇಳಲಾಗದಿದ್ದರೆ, ಅವನೇ ಕಳ್ಳ ಇಲ್ಲವೇ ಕಳ್ಳಮಾಲು ಕೊಂಡವ ಎಂದು ಕೋರ್ಟು ಊಹಿಸಬಹುದು. ಸಣ್ಣ ಅಕ್ಕಸಾಲಿಗರು ಹೆದರುತ್ತಿದ್ದದ್ದು ಈ ಕಲಮಿಗಲ್ಲ. ಕಳ್ಳ ಬೆರಳು ತೋರಿಸಿದ ಅಂಗಡಿಯಿಂದ ಅವನು ಮಾರಿದ್ದಷ್ಟೇ ಅಲ್ಲ, ಫಿರ್ಯಾದಿ ಬರೆಸಿದ್ದಷ್ಟು ಚಿನ್ನ ಹೊರಡಬೇಕಾಗುತ್ತದೆ ಎಂಬುದು ಅವರ ಅಳಲು. ಕದ್ದ ಅಡಿಕೆ ಕೊಂಡವನಿಗೆ ಆ ಭಯವಿಲ್ಲ. ಸರಕ್ಕೆ ಗುರುತಿದೆ, ಬೈಕಿಗೆ ಚಾಸಿಸ್ ನಂಬರಿದೆ, ಮೊಬೈಲಿಗೆ ಐಎಂಇಐ ಇದೆ, ಸರ್ಕಾರದ ಪೋರ್ಟಲ್ಲಿನಲ್ಲಿ ಹಾಕಿದರೆ ದೇಶದಲ್ಲಿ ಎಲ್ಲಿದ್ದರೂ ಬ್ಲಾಕ್ ಆಗುತ್ತದೆ. ನನ್ನ ತೋಟದ ಅಡಿಕೆ ನಿನ್ನ ತೋಟದ ಅಡಿಕೆಯ ರಾಶಿಗೆ ಬಿದ್ದರೆ ಬ್ರಹ್ಮನಿಗೂ ಬೇರೆ ಮಾಡಲಾಗದು.

ಕಳ್ಳತನದ ಕಾಯ್ದೆ ರೈತನ ಮಾಲಿನ ವಿಷಯದಲ್ಲಿ ಮೊದಲಿನಿಂದಲೂ ಸ್ವಲ್ಪ ವಿಚಿತ್ರವೇ. ಮೆಕಾಲೆ ಕರಡು ಬರೆದು, 1860ರಲ್ಲಿ ಪಾಸಾಗಿ, 1862ರಿಂದ ನಡೆದುಬಂದ ದಂಡ ಸಂಹಿತೆಯ 378ನೆಯ ಕಲಮಿನ ಪ್ರಕಾರ ಚರ ಸ್ವತ್ತನ್ನು ಮಾತ್ರ ಕದಿಯಬಹುದು. ನೆಲಕ್ಕೆ ಅಂಟಿಕೊಂಡದ್ದು ಚರವಲ್ಲ. ಕಡಿದ ಕ್ಷಣ ಚರವಾಗುತ್ತದೆ. ಅಂದರೆ ಅಡಿಕೆ ಕೊನೆ ಮರದ ಮೇಲೆ ಇರುವ ತನಕ ಅದನ್ನು ಕದಿಯಲು ಬರುವುದಿಲ್ಲ. ಕತ್ತಿ ಬಿದ್ದೊಡನೆ ಅದು ಚರವೂ ಹೌದು, ಕದ್ದಾಯಿತೂ ಹೌದು. ಶಿಕ್ಷೆ ಮೂರು ವರ್ಷದವರೆಗೆ, ತೆಂಗಿನಕಾಯಿ ಒಂದಾದರೂ ಅಷ್ಟೇ. ಮನೆಯೊಳಗೆ ಅಥವಾ ಮಾಲಿಡುವ ಕಟ್ಟಡದೊಳಗೆ ಕದ್ದರೆ ಏಳು. ಸೂರಿಗೆ ಕಾಯ್ದೆ ಕೊಟ್ಟ ಮರ್ಯಾದೆ ಬಯಲಿಗೆ ಕೊಟ್ಟಿರಲಿಲ್ಲ.

ಆದರೂ ಹಳೆಯ ಕಾಯ್ದೆಯಲ್ಲಿ ಎಂಥ ಸಣ್ಣ ಕಳವಿಗೂ ಪೊಲೀಸರು ತಾವೇ ಕೇಸು ಹಾಕಿ ತನಿಖೆ ಮಾಡಬಹುದಿತ್ತು. ಮಾಡುತ್ತಿರಲಿಲ್ಲ, ಆ ಮಾತು ಬೇರೆ. ಕಾಯಿ ಹೋಯಿತು ಎಂದು ಠಾಣೆಗೆ ಹೋದವನನ್ನು “ಎಷ್ಟು ಕಾಯಿ? ಯಾರ ಮೇಲೆ ಗುಮಾನಿ? ಹಿಡ್ಕೊಂಡು ಬಾ, ನೋಡೋಣ” ಎಂದು ಕಳುಹಿಸುವುದು ವಾಡಿಕೆ. ಹಟ ಹಿಡಿದು ಎಫ್‌ಐಆರ್ ಮಾಡಿಸಿದರೂ ಕೊನೆಗೆ ಪತ್ತೆಯಾಗಲಿಲ್ಲವೆಂದು ಸಿ ರಿಪೋರ್ಟು. ಕಾಯ್ದೆ ದೂರು ತಗೋ ಎನ್ನುತ್ತಿತ್ತು, ಕಾಯ್ದೆ ನಡೆಸುವವರು ಬೇಡ ಎನ್ನುತ್ತಿದ್ದರು.

2024ರಲ್ಲಿ ಕಾಯ್ದೆಯೇ ಅವರ ದಾರಿಗೆ ಬಂತು. ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಲ್ಲಿ ಹೊಸ ಪರಂತುಕವೊಂದಿದೆ: ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ, ಅಪರಾಧಿ ಮೊದಲ ಸಲ ಶಿಕ್ಷೆಗೆ ಒಳಗಾಗುವವನು, ಮಾಲನ್ನೋ ಅದರ ಬೆಲೆಯನ್ನೋ ವಾಪಸು ಕೊಟ್ಟಿದ್ದಾನೆ, ಹಾಗಿದ್ದರೆ ಜೈಲಿಲ್ಲ, ಸಮುದಾಯ ಸೇವೆ. ಕಸ ಗುಡಿಸುವುದೋ ಗಿಡ ನೆಡುವುದೋ, ಸಂಬಳವಿಲ್ಲದ ಕೆಲಸ. ಇದು ಒಳ್ಳೆಯದೇ. ಹಸಿದು ಕದ್ದ ಹುಡುಗನನ್ನು ಜೈಲಿಗೆ ಹಾಕಿ ಕಸುಬುದಾರ ಕಳ್ಳನನ್ನಾಗಿ ಮಾಡಿದ ಉದಾಹರಣೆ ನಾನೇ ಕಂಡಿದ್ದೇನೆ. ತೊಡಕಿರುವುದು ಇನ್ನೊಂದು ಸಂಹಿತೆಯ, ಅಂದರೆ ನಾಗರಿಕ ಸುರಕ್ಷಾ ಸಂಹಿತೆಯ, ಅನುಸೂಚಿಯಲ್ಲಿ. ಐದು ಸಾವಿರದೊಳಗಿನ ಕಳವು ಈಗ ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಪುಸ್ತಕದಲ್ಲಿ ಬರೆದುಕೊಂಡು ದೂರುದಾರನಿಗೆ ಕೋರ್ಟಿನ ದಾರಿ ತೋರಿಸಬೇಕು. ಕದ್ದವನು ಮೊದಲ ಸಲದವನೋ, ವಾಪಸು ಕೊಡುತ್ತಾನೋ, ಹಿಡಿಯುವ ಮೊದಲೇ ಹೇಗೆ ಗೊತ್ತಾಗಬೇಕು? ಬರೆದವರು ಅಡಿಕೆ ಬೆಳೆದವರಲ್ಲ.

ಐದು ಸಾವಿರ ಎಷ್ಟು ಎಂದು ನಮ್ಮ ಕಡೆಯ ಲೆಕ್ಕದಲ್ಲಿ ನೋಡಿ. ಶಿವಮೊಗ್ಗ ಮಾರುಕಟ್ಟೆಯಲ್ಲಿ ರಾಶಿ ಅಡಿಕೆ ಕ್ವಿಂಟಲಿಗೆ ಐವತ್ತು ಸಾವಿರದ ಆಸುಪಾಸು ಇದ್ದರೆ ಐದು ಸಾವಿರ ಎಂದರೆ ಹತ್ತು ಕಿಲೋ. ಹಸಿ ಅಡಿಕೆಯಾದರೆ ಬೈಕಿನ ಹಿಂದೆ ಹಾಕಿಕೊಂಡು ಹೋಗುವ ಮೂಟೆ. ದಿನಾ ರಾತ್ರಿ ಒಂದೊಂದು ತೋಟದಿಂದ ಒಂದೊಂದು ಮೂಟೆ ಎಳೆಯುವವನು ಕಾಯ್ದೆಯ ಪುಸ್ತಕ ಓದಿದ್ದಾನೋ ಇಲ್ಲವೋ, ಅದರ ನೆರಳಲ್ಲಿ ನಡೆಯುತ್ತಾನೆ. ಇನ್ನೊಂದು ತಮಾಷೆ ಇದೆ. ಪೇಟೆಯ ಮಾರ್ಟಿನಿಂದ ಹುಡುಗಿಯೊಬ್ಬಳು ಶಾಂಪೂ ಬಾಟ್ಲಿಯೊಂದನ್ನು ಚೂಡಿದಾರಿನಲ್ಲಿ ಅಡಗಿಸಿ ಸಿಕ್ಕಿಬಿದ್ದರೆ, ಅಂಗಡಿ ಮಾಲಿಡುವ ಕಟ್ಟಡವಾದ್ದರಿಂದ, ಅಕ್ಷರ ಹಿಡಿದು ಹೋದರೆ ಅದು 305; ಏಳು ವರ್ಷದವರೆಗಿನ ಶಿಕ್ಷೆ, ಪೊಲೀಸರು ಕೂಡಲೇ ಹಿಡಿಯಬಹುದು. ಅಂಗಳದಲ್ಲಿ ತಟ್ಟಿಯ ಮೇಲೆ ಹರವಿದ ಒಂಬತ್ತು ಕಿಲೋ ಅಡಿಕೆ ಹೋದರೆ ಮ್ಯಾಜಿಸ್ಟ್ರೇಟರನ್ನು ಕೇಳಬೇಕು. ಆ ಹುಡುಗಿಯ ವಿಷಯಕ್ಕೆ ಠಾಣೆಯೇ ಬೇಕಾಗುವುದಿಲ್ಲ. ಸಿಸಿಟಿವಿಯ ಚೂರು ಸಂಜೆಯೊಳಗೆ ವಾಟ್ಸಾಪ್ ಗುಂಪುಗಳಲ್ಲಿ ಓಡಿರುತ್ತದೆ, ಶಿಕ್ಷೆ ಅಲ್ಲೇ ಮುಗಿದಿರುತ್ತದೆ. ಹಿಂದಿನ ಸೆಟ್ಟರು ಕಿವಿ ಹಿಂಡಿ ಬಿಡುತ್ತಿದ್ದರು, ಊರಿಗೆ ಹೇಳುತ್ತಿರಲಿಲ್ಲ. ಹೇಳಿದರೆ ಆ ಮನೆಯ ಖಾತೆ ಬಾಕಿ ವಸೂಲಾಗುವುದಿಲ್ಲವಲ್ಲ.

ಇಂಥ ಕಡೆ ಜನ ಸಿಗಂದೂರಿಗೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಮಲೆನಾಡಿನ ತೋಟ, ಗದ್ದೆ, ಕಟ್ಟುತ್ತಿರುವ ಮನೆ, ಮರಳಿನ ಗುಡ್ಡೆ, ಎಲ್ಲೆಂದರಲ್ಲಿ ಸಣ್ಣ ತಗಡಿನ ಬೋರ್ಡು: ಇದಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ. ಬಯಲಲ್ಲಿ ಬಿದ್ದ ಮಾಲನ್ನು ಕಾಯಲು ಬಂದ ದೇವತೆ ಅವಳು. ಸೂರಿದೆಯೇ, ಬೆಲೆ ಎಷ್ಟು ಎಂದು ಕೇಳುವುದಿಲ್ಲ. ಹಿಂದೆ ಶರಾವತಿ ಹಿನ್ನೀರು ದಾಟಲು ಲಾಂಚಿಗೆ ಕಾಯಬೇಕಿತ್ತು, 2025ರ ಜುಲೈಯಲ್ಲಿ ಸೇತುವೆ ಆದ ಮೇಲೆ ಬೆಳಿಗ್ಗೆ ಹೋಗಿ ಸಂಜೆ ಬರುತ್ತಾರೆ. ಬೋರ್ಡಿದ್ದ ತೋಟದಲ್ಲೂ ಕಳವಾಗಿದೆ. ಆದರೂ ಹರಕೆಯ ಖರ್ಚು ವಕೀಲರ ಖರ್ಚಿಗಿಂತ ಕಡಿಮೆ; ಗುಮಾಸ್ತನಾಗಿದ್ದವನು ನಾನೇ ಹೇಳುತ್ತಿದ್ದೇನೆ.

ಕಳೆದ ಸುಗ್ಗಿಯಲ್ಲಿ ನಮ್ಮ ಪಕ್ಕದ ತೋಟದವನ ಮೂಟೆ ಹೋಯಿತು. ಬೋರ್ಡು ಹಾಕಿರಲಿಲ್ಲ. ಠಾಣೆಗೆ ಹೋದ, ಹಸಿ ಅಡಿಕೆ, ರೇಟು ಕಟ್ಟಿದರೆ ಐದು ಸಾವಿರದೊಳಗೇ ಬರುತ್ತದೆ, ಬರೆದುಕೊಳ್ಳುತ್ತೇವೆ, ಮುಂದಕ್ಕೆ ಕೋರ್ಟಿಗೆ ಹೋಗಿ ಎಂದರಂತೆ. ಹಿಂಬರಹದ ಕಾಗದ ಹಿಡಿದುಕೊಂಡು ಸೀದಾ ನಮ್ಮ ಜಗುಲಿಗೆ ಬಂದ.

“ಅಣ್ಣಾ, ಒಂದು ಮಾತು. ಕದ್ದವ ಅದನ್ನ ಹಸಿಯಾಗೇ ಮಾರ್ತಾನಾ? ಸುಲಿದು, ಬೇಯಿಸಿ, ಒಣಗಿಸಿ ರಾಶಿ ಮಾಡಿ ಮಾರ್ತಾನೆ. ಒಣ ರೇಟಲ್ಲಿ ಐದು ಸಾವಿರ ದಾಟ್ತದಲ್ಲ. ಅವ ದಾಟಿಸ್ಕೊಂಡ್ರೆ ಸರಿ, ನಂಗೆ ಮಾತ್ರ ಹಸಿ ರೇಟಾ?”

ಕಳವಾದ ಹೊತ್ತಿನಲ್ಲಿ ಇದ್ದ ಬೆಲೆಯೇ ಬೆಲೆ ಎಂದು ಹೇಳಿದೆ. ಅವನು ಕಾಗದವನ್ನು ಇನ್ನೊಮ್ಮೆ ಮಡಚಿ ಜೇಬಿಗಿಟ್ಟುಕೊಂಡು, ಸಿಗಂದೂರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನ ಹೆಂಡತಿಯನ್ನು ಕೇಳಿದ.